ಮೂವತ್ತೇಳನೇ ನಂಬರು

ರಾಯದುರ್ಗ
12-8-2025

ಪ್ರೀತಿಯ ಮಾಧವಿ ಅಕ್ಕನಿಗೆ,

ನಿನ್ನ ತಂಗಿ ಸಾಯಿಲಕ್ಷ್ಮಿಯ ನಮಸ್ಕಾರ. ಮಡಕಶಿರದಲ್ಲಿ ನೀನೂ ಅತ್ತೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನು ಚೆನ್ನಾಗಿಲ್ಲ. ಫೋನಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ನೀನು ಇರಲಿ ಬಿಡು ಅನ್ನುತ್ತೀಯ. ಕಾಗದಕ್ಕೆ ಹಾಗೆ ಅನ್ನಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಜೀನ್ಸ್ ಶೆಡ್ಡಿಗೆ ಆರ್ಡರ್ ಬರುವುದು ಇಂಗ್ಲಿಷಿನಲ್ಲಿ. ಹೊಲಿಯುವ ಹೆಂಗಸರಿಗೆ ಅದನ್ನು ಓದಲು ಬಾರದು. ಸರ್ವರ್ ಕಂಪ್ಯೂಟರಿಗೆ ಜೋಡಿಸುವ ಒಂದು ಚಿಕ್ಕ ಪ್ರೋಗ್ರಾಮನ್ನು ನಾನು ಬರೆದೆ. ಯಾವ ಸೈಜು, ಎಷ್ಟು ಜೇಬು, ಯಾವ ಬಣ್ಣದ ದಾರ ಎಂಬುದೆಲ್ಲ ಗೋಡೆಯ ಪರದೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಬರತೊಡಗಿತು. ಪ್ರೋಗ್ರಾಮ್ ಬರೆಯುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ ಎರಡು ವರ್ಷ ಕಲಿತದ್ದು ನಿನಗೆ ಗೊತ್ತು.

ಕಳೆದ ತಿಂಗಳು ಮಾಲೀಕರು ರೇವಣಸಿದ್ದಯ್ಯನವರು ಸರ್ವರನ್ನು ವಿಂಡೋಸಿನಿಂದ ಲಿನಕ್ಸ್ ಎಂಬ ಬೇರೆ ವ್ಯವಸ್ಥೆಗೆ ಬದಲಾಯಿಸಲು ಹೇಳಿದರು. ಕೆಲಸ ಬಿದ್ದದ್ದು ಶೆಡ್ಡಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನಿನ್ನ ಗಂಡನಿಗೆ. ಭಾನುಪ್ರಕಾಶ ಬಾವ ಏನು ಮಾಡಿದರು ಗೊತ್ತೇ? ನನ್ನ ಫೈಲಿನ ಹೆಸರಿನ ಕೊನೆಯಲ್ಲಿದ್ದ ವಿಂಡೋಸಿನ ಗುರುತು ಡಿಎಲ್ಎಲ್ ಅಳಿಸಿ, ಲಿನಕ್ಸಿನ ಗುರುತು ಎಸ್ಒ ಎಂದು ಬರೆದರು. ಅಷ್ಟೇ. ಮೂವತ್ತಾರರ ಲೇಬಲ್ ಹೊಲಿದ ಮಾತ್ರಕ್ಕೆ ಮೂವತ್ತರ ಪ್ಯಾಂಟು ದಪ್ಪಗಿನವರ ಸೊಂಟಕ್ಕೆ ಏರುತ್ತದೆಯೇ? ವಿಂಡೋಸಿಗೆಂದು ಕಟ್ಟಿದ್ದು ಲಿನಕ್ಸಿನಲ್ಲಿ ಓಡದು. ಬಿಚ್ಚಿ, ತಿದ್ದಿ, ಮೊದಲಿನಿಂದ ಕಟ್ಟಬೇಕು.

ಪರದೆ ಖಾಲಿಯಾಯಿತು. ಹೆಂಗಸರು ಅಂದಾಜಿನ ಮೇಲೆ ಹೊಲಿದರು. ನಾಲ್ಕು ಬಂಡಲ್ ಪ್ಯಾಂಟಿಗೆ ಹಿಂದಿನ ಜೇಬೇ ಇಲ್ಲ. ಮಾಲೀಕರು ಸಿಟ್ಟಾದಾಗ ಬಾವ ನನ್ನೆದುರಿಗೇ, "ಐದನೇ ಕ್ಲಾಸ್ ಓದಿದಾಕಿ ಬರದಿದ್ದು, ಎಷ್ಟ್ ದಿನ ನಡೀತೈತ್ರಿ?" ಎಂದರು. ನಾನು ನೆಲ ನೋಡಿದೆ. ಮರುದಿನವೇ ಮಾಲೀಕರು ನನ್ನನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ದಾರ ಕತ್ತರಿಸಲು ಕೂರಿಸಿದರು.

ಆಮೇಲೆ ಬಾವ ಊಟದ ಹೊತ್ತಿಗೆ ಮೆಲ್ಲಗೆ ಬಂದು, ಅಕ್ಕನ ಮುಖ ನೋಡಿಯಾದರೂ ಸರಿಮಾಡಿ ಕೊಡಮ್ಮ ಎಂದರು. ಕೊಟ್ಟೆ. ಎಂಟು ದಿನ ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತೆ. ವಿಂಡೋಸಿಗೆ ಮಾತ್ರ ತಿಳಿಯುವ ಸಾಲುಗಳನ್ನು ಕಿತ್ತು ಬೇರೆ ಬರೆದೆ. ಲಿನಕ್ಸಿನಲ್ಲಿ ಫೈಲಿನ ಹೆಸರಿನ ಒಂದು ಇಂಗ್ಲಿಷ್ ಅಕ್ಷರ ಕ್ಯಾಪಿಟಲ್ ಆದರೂ ಅದು ಬೇರೆ ಫೈಲು. ಅವನ್ನೆಲ್ಲ ಹುಡುಕಿ ತಿದ್ದಿದೆ. ಶುಕ್ರವಾರ ಪರದೆ ಮತ್ತೆ ತುಂಬಿತು. ಮಾಲೀಕರು ಬಾವನ ಬೆನ್ನು ತಟ್ಟಿದರು. ಬಾವ ತಟ್ಟಿಸಿಕೊಂಡರು. ನಾನು ಕತ್ತರಿ ಹಿಡಿದು ನೋಡುತ್ತಿದ್ದೆ.

ಬಾಯಿ ಬಿಟ್ಟರೆ ಮನೆಯ ಮರ್ಯಾದೆ ಹೋಗುತ್ತದೆ ಎಂದು ಫೋನಿನಲ್ಲಿ ಅಂದೆಯಲ್ಲ. ನನ್ನ ಮರ್ಯಾದೆ ಯಾವ ಮನೆಯದು ಅಕ್ಕ?

ಶನಿವಾರ ಬಾವ ಊರಿಗೆ ಬರುತ್ತಾರೆ. ಊಟಕ್ಕೆ ಬಡಿಸುವ ಮೊದಲು ಈ ಕಾಗದ ಅವರ ಕೈಗೆ ಕೊಡು. ಸೋಮವಾರ ಮಾಲೀಕರಿಗೆ ಅವರೇ ನಿಜ ಹೇಳಲಿ. ನನ್ನ ಕುರ್ಚಿ ನನಗೆ ಬೇಕು.

ಇನ್ನೂ ಸಿಟ್ಟಿಳಿಯದ ನಿನ್ನ ತಂಗಿ,
ಸಾಯಿಲಕ್ಷ್ಮಿ

ತಾ.ಕ. ಮರೆತಿರಲಿಲ್ಲ, ಮುಚ್ಚಿಟ್ಟಿದ್ದೆ: ಇಲ್ಲಿ ಹೊಲಿದವರ ನಂಬರಿನ ಚೀಟಿ ಇಲ್ಲದೆ ಯಾವ ಬಂಡಲೂ ಶೆಡ್ಡು ದಾಟುವುದಿಲ್ಲ. ಶೆಡ್ಡಿನವರಿಗೆಲ್ಲ ಒಂದೊಂದು ನಂಬರು; ನನ್ನದು ಮೂವತ್ತೇಳು. ಪ್ರೋಗ್ರಾಮನ್ನು ಮತ್ತೆ ಕಟ್ಟುವಾಗ ಪ್ರತಿ ಪುಟದ ಅಡಿಯಲ್ಲೂ ಅದು ಬರುವಂತೆ ಮಾಡಿದ್ದೆ. ಮೂರು ದಿನ ಯಾರೂ ಗಮನಿಸಲಿಲ್ಲ. ಇವತ್ತು ಬೆಳಿಗ್ಗೆ ಹೊಲಿಯುವ ಪಾಲಮ್ಮ ಮಿಷನ್ ನಿಲ್ಲಿಸಿ, ಮಾಲೀಕರಿಗೆ ಕೇಳುವಂತೆ, "ಮೂವತ್ತೇಳಂದ್ರ ನಮ್ಮ ಸಾಯಿದಲ್ರಿ?" ಎಂದಳು. ಮಾಲೀಕರು ಪರದೆ ನೋಡಿದರು, ಆಮೇಲೆ ಬಾವನನ್ನು ನೋಡಿದರು, ಒಳಗೆ ಹೋದರು. ಈ ಸಲ ನೆಲ ನೋಡಿದ್ದು ನಾನಲ್ಲ.