ಹೊಗೆ ಕಾಣದ ಅಟ್ಟ

ದಬ್ಬೇಘಟ್ಟ
೧೮ ನವೆಂಬರ್ ೧೯೯೮

ದ್ರಾಕ್ಷಾಯಣಮ್ಮ ಅತ್ತಿಗೆಯವರಿಗೆ ಮೈದುನನ ಶರಣು.

...ಒಂದು ಒಲೆ ಆರಿಸಿದರೆ ಆಕಾಶ ತಣ್ಣಗಾಗುತ್ತೇನಲಾ ಅಂತಲೋ, ಆಕಾಶ ನಿನ್ನ ಒಲೆ ಆರ್ಲಿ ಅಂತ ಕಾಯ್ಕಂಡು ಕೂತಿತ್ತೇನಲಾ ಅಂತಲೋ, ಅವತ್ತು ಅಣ್ಣ ಅಂದದ್ದು ಇವೆರಡರಲ್ಲಿ ಒಂದು. ಯಾವುದೆಂದು ನನಗೀಗ ಖಚಿತವಿಲ್ಲ. ಪಕ್ಕದಲ್ಲೇ ನಿಂತಿದ್ದ ನಿಮಗೆ ನೆನಪಿರಬಹುದು. ಹೇಗೆ ಅಂದಿದ್ದರೂ ನನ್ನ ಉತ್ತರ ಒಂದೇ. ಇಲ್ಲ, ತಣ್ಣಗಾಗುವುದಿಲ್ಲ. ಆದರೂ ನಾನು ಹಚ್ಚುವುದಿಲ್ಲ.

ನೀವು ಕೆಂಕೆರೆಯ ತವರಿಗೆ ಹೋಗಿ ಇಂದಿಗೆ ಒಂಬತ್ತು ದಿನ. ಅಣ್ಣ ಮಧ್ಯಾಹ್ನ ಪಕ್ಕದ ಮನೆಯ ಕೆಂಚಪ್ಪನಲ್ಲಿ ಉಣ್ಣುತ್ತಾನೆ, ಸಂಜೆ ಜಗಲಿಯ ಮೇಲೆ ನನಗೆ ಬೆನ್ನು ಹಾಕಿ ಕುಳಿತು ಅವಲಕ್ಕಿ ತಿನ್ನುತ್ತಾನೆ. ನಾನು ಗೋಬರ್ ಗ್ಯಾಸಿನ ಮೇಲೆ ಅನ್ನ ಬೇಯಿಸಿಕೊಳ್ಳುತ್ತೇನೆ. ಒಂದು ದಿನ ಮುದ್ದೆ ಮಾಡಲು ಹೋಗಿ ಅಂಬಲಿ ಕುಡಿದೆ. ಸೋಮವಾರ ಊರಿನ ಹಿರಿಯರು ಬರುತ್ತಾರಂತೆ. ಸೌದೆ ಒಲೆಗೆ ಮತ್ತೆ ಬೆಂಕಿ ಹಾಕಲು ನಾನು ಒಪ್ಪಬೇಕು, ಇಲ್ಲವಾದರೆ ಮನೆ ಎರಡು ಪಾಲು, ಅಡುಗೆಮನೆಯ ನಡುವೆ ಗೋಡೆ. ಇದನ್ನು ಅಣ್ಣ ನನಗೆ ಹೇಳಲಿಲ್ಲ. ಎಮ್ಮೆಯ ಮುಂದೆ ನಿಂತು, ನನಗೆ ಕೇಳುವಷ್ಟು ಗಟ್ಟಿಯಾಗಿ, ಎಮ್ಮೆಗೆ ಹೇಳಿದ.

ಇದೆಲ್ಲ ಶುರುವಾದದ್ದು ಹೊಂಗೆ ಮರಗಳಿಂದ. ಮಳೆಗಾಲದಲ್ಲಿ ತೆಂಗಿನ ಗರಿ, ಮಟ್ಟೆ ಒದ್ದೆಯಾಗಿ ಹೊತ್ತಿಕೊಳ್ಳುವುದಿಲ್ಲವೆಂದು ಅಣ್ಣ ಹೋದ ವರ್ಷ ತೋಟದ ಬದುವಿನ ಆರು ಹೊಂಗೆ ಸೌದೆಗೆಂದು ಕಡಿಸಿದ. ಅದೇ ವಾರ ತುರುವೇಕೆರೆಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ನಾನು ಹೇಳುತ್ತಿದ್ದೆ: ನಾವು ಸುಟ್ಟದ್ದೆಲ್ಲ ಗಾಳಿಗೆ ಸೇರಿ ಭೂಮಿಗೆ ಕಂಬಳಿ ಹೊದಿಸಿದಂತಾಗುತ್ತದೆ, ಕಾವು ಹೊರಗೆ ಹೋಗುವುದಿಲ್ಲ, ಅದರಲ್ಲಿ ಒಂದಿಷ್ಟನ್ನು ಹೀರಿಕೊಳ್ಳುವುದು ಮರ. ಮಕ್ಕಳು ಬರೆದುಕೊಂಡರು. ನಾನು ಮೊಪೆಡ್ಡಿನಲ್ಲಿ ಊರಿಗೆ ಬಂದೆ, ಬದುವಿನ ಮೇಲೆ ಸಾಲಾಗಿ ಉಳಿದ ಬೊಡ್ಡೆಗಳನ್ನು ನೋಡಿದೆ. ಆ ಕ್ಷಣ ಏನೂ ಅನ್ನಿಸಲಿಲ್ಲ. ಬಚ್ಚಲಲ್ಲಿ ಕೈಕಾಲು ತೊಳೆಯುವಾಗ ನಾಚಿಕೆಯಾಯಿತು.

ಮೊಪೆಡ್ ಮಾರಿ ಸೈಕಲ್ ಹಿಡಿದೆ. ಗರಿ, ಮಟ್ಟೆ ಒಟ್ಟಿ ಸುಡುವುದನ್ನು ನಿಲ್ಲಿಸಿ ತೆಂಗಿನ ಬುಡದಲ್ಲೇ ಗುಂಡಿ ತೋಡಿಸಿ ಹೂಳಿಸಿದೆ. ಮುಂದಿನ ವಾರ ಮಳೆ ಬಂದಾಗ ಕೆಂಚಪ್ಪ ತನ್ನ ಜಗಲಿಯಿಂದ ಕೂಗಿದ್ದು ನಿಮಗೂ ಕೇಳಿಸಿತ್ತು: "ಮೇಷ್ಟ್ರು ಮೊಪೆಡ್ ಮಾರಿದ್ಕೇ ಮಳೆ ಬಂದದ್ದು ಕಣ್ರೀ! ಸೈಕಲ್ಲೂ ಮಾರ್ಬುಡಿ, ಕೆರೆ ಕೋಡಿ ಬೀಳ್ಲಿ!" ನೀವು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿರಿ. ನಾನೂ ನಕ್ಕೆ. ಮಾರನೇ ದಿನ ಮತ್ತೆ ಸೈಕಲ್ ತುಳಿದೆ.

ಆಮೇಲೆ ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದೆ. ಹೋದ ಕಾರ್ತಿಕದಲ್ಲಿ ಮೊದಲ ಸಲ ನೀಲಿ ಉರಿ ಎದ್ದಾಗ ನೀವು ಹಾಲು ಉಕ್ಕಿಸಿದಿರಿ. "ಸದ್ದೇ ಇಲ್ವಲ್ಲಪ್ಪ, ಉರೀತೈತೆ ಅಂತ ನಂಬೋದೆಂಗೆ?" ಅಂದಿರಿ. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ. ಸೌದೆ ಒಲೆ ಅಂದಿನಿಂದ ತಣ್ಣಗಾಯಿತು.

ನನ್ನ ತಪ್ಪು ಅಲ್ಲಿತ್ತು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಕಾಯಿ ಹನ್ನೊಂದು ತಿಂಗಳು ಕೂತರೆ ಒಳಗಿನ ನೀರು ಇಂಗಿ ಕೊಬ್ಬರಿ ಉಂಡೆಯಾಗುತ್ತದೆಂದು ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಆ ಹನ್ನೊಂದು ತಿಂಗಳೂ ಬಿದಿರಿನ ಸಂದುಗಳಿಂದ ನಿಮ್ಮ ಒಲೆಯ ಹೊಗೆ ಮೇಲೇರಿ ಕಾಯಿಯನ್ನು ಬೆಚ್ಚಗಿಡುತ್ತಿತ್ತು ಎಂಬುದು ಮಾತ್ರ ವಿಜ್ಞಾನದ ಮೇಷ್ಟರಿಗೆ ಹೊಳೆಯಲಿಲ್ಲ. ಈ ವರ್ಷ ಜಡಿಮಳೆ ನಿಂತೀತೆಂದು ಕಾದರೆ ಕಾರ್ತಿಕದವರೆಗೂ ಹಿಡಿಯಿತು. ಕಾಯಿ ಕೆಟ್ಟದ್ದಕ್ಕೆ ಮಳೆ ಎಷ್ಟು ಕಾರಣ, ನಾನೆಷ್ಟು ಕಾರಣ, ಅಳೆದು ಹೇಳಲು ನನ್ನಿಂದಾಗದು. ಅಣ್ಣ ಅಟ್ಟದಿಂದ ಮೊದಲ ಕಾಯಿ ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸಿದ. ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅನ್ನಬೇಕು. ಅನ್ನಲಿಲ್ಲ. ಒಡೆದ, ಒಳಗೆ ಕಪ್ಪು ಬೂಷ್ಟು. ಇನ್ನೊಂದು ಒಡೆದ, ಮತ್ತೊಂದು. ಅರ್ಧಕ್ಕೂ ಹೆಚ್ಚು ಹಾಗೆಯೇ. ಇಡೀ ವರ್ಷದ ಬೆಳೆ. ಅಣ್ಣ ಒಂದು ಹೋಳನ್ನು ತಂದು ನನ್ನ ಅಂಗೈಯಲ್ಲಿಟ್ಟ.

ಬಳಿಕ ನಿಮ್ಮ ಕಡೆ ತಿರುಗಿ "ಹಚ್ಚೇ ಒಲೇನ" ಅಂದ. "ಬೇಡಿ ಅತ್ತಿಗೆ" ಅಂದೆ ನಾನು. ಆಕಾಶದ ಮಾತು ಬಂದದ್ದು ಆಗ. ನಾವಿಬ್ಬರೂ ಕೂಗಾಡುತ್ತಿರುವಾಗ ನೀವು ಕೈ ಒರೆಸಿಕೊಂಡಿರಿ, ಗೂಟದ ಮೇಲಿನ ಚೀಲ ತೆಗೆದುಕೊಂಡಿರಿ. "ಅಣ್ಣ ತಮ್ಮ ಇಬ್ರೂ ಒಲೆ ಮುಂದೆ ನಿಂತದ್ದು ಇದೇ ಮೊದ್ಲು. ನಿಂತ್ಕಳಿ. ನಾನು ಕೆಂಕೆರೆಗೆ ಹೋಗಿ ಬತ್ತೀನಿ" ಅಂದಿರಿ. ಬಸ್ಸಿನವರೆಗೂ ಯಾರೂ ಬರಬಾರದೆಂದೂ ಅಂದಿರಿ.

ಸೋಮವಾರ ನಾನೇನು ಹೇಳುತ್ತೇನೆ ಎಂಬುದನ್ನು ನಿಮಗೆ ಮೊದಲೇ ತಿಳಿಸಿಬಿಡುತ್ತೇನೆ. ಕೆಟ್ಟ ಕೊಬ್ಬರಿಯ ನಷ್ಟವೆಲ್ಲ ನನ್ನ ಪಾಲಿಗಿರಲಿ. ಹೊಂಗೆಯ ಬದಲು ಬದುವಿನ ಉದ್ದಕ್ಕೂ ಸಸಿ ಇಟ್ಟಾಗಿದೆ, ದನ ಮೇಯದಂತೆ ಮುಳ್ಳು ಕಟ್ಟಿದ್ದೇನೆ. ಕೊಟ್ಟಿಗೆಯ ಪಕ್ಕದ ಎತ್ತರದಲ್ಲಿ ಕಲ್ಲುಕಂಬದ ಮೇಲೆ ಹೊಸ ಅಟ್ಟ ಎಬ್ಬಿಸುತ್ತಿದ್ದೇನೆ. ಮೂರು ಕಡೆಯಿಂದ ಗಾಳಿ, ಮೇಲೆ ಹೆಂಚು, ಹೊಗೆಯ ಹಂಗಿಲ್ಲ. ಅಲ್ಲಿ ಕೊಬ್ಬರಿ ಉಂಡೆಯಾಗುತ್ತದೋ ಇಲ್ಲವೋ ತಿಳಿಯಲು ಹನ್ನೊಂದು ತಿಂಗಳು ಬೇಕು, ಹಿರಿಯರು ಕೊಟ್ಟಿರುವುದು ಐದು ದಿನ. ಮುಂದಿನ ವರ್ಷವೂ ಕೆಟ್ಟರೆ ಅದರ ಮುಂದಿನ ವರ್ಷ ಮತ್ತೊಂದು ದಾರಿ ನೋಡುತ್ತೇನೆ. ಊರೆಲ್ಲ ಸುಡುತ್ತಿರುವಾಗ ನಿನ್ನದೊಂದು ಯಾವ ಲೆಕ್ಕ ಎನ್ನುತ್ತಾರೆ. ಊರೆಲ್ಲ ಎಂದರೆ ಹೀಗೆ ಒಂದೊಂದೇ ಮನೆ ತಾನೇ? ನಮ್ಮ ಮನೆಯದನ್ನು ನಾನು ಕಳೆಯುತ್ತೇನೆ. ಗೋಡೆ ಎತ್ತಿಸಿದರೂ ಸರಿ, ಕೆಂಚಪ್ಪ ನಕ್ಕರೂ ಸರಿ.

ಇಷ್ಟು ಹೊತ್ತೂ ಗಟ್ಟಿಯಾಗಿ ಬರೆದೆ. ಆದರೆ ಅತ್ತಿಗೆ, ಈ ಒಂಬತ್ತು ದಿನ ಒಬ್ಬನೇ ಬೇಯಿಸಿಕೊಳ್ಳುವಾಗ ಒಂದು ವಿಷಯ ಕಾಡುತ್ತಿದೆ. ಮದುವೆಯಾಗದೆ ನಲವತ್ತಾರು ವರ್ಷ ಕಳೆದವನು ನಾನು, ಜೀವನದಲ್ಲಿ ಒಮ್ಮೆಯೂ ಹಚ್ಚದ ಒಲೆಯನ್ನು ಆರಿಸಿದೆ. ಇಪ್ಪತ್ತೇಳು ವರ್ಷ ಅದರ ಮುಂದೆ ಕೂತು ಊದಿದವರು ನೀವು. ಗ್ಯಾಸ್ ಬಂದ ಮೇಲೆ, ಆಷಾಢದ ಒಂದು ಮಧ್ಯಾಹ್ನ ನೀವು ನಡುಮನೆಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದಿರಿ. ಹಗಲು ನೀವು ಮಲಗಿದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ. ಅದೇ ತಿಂಗಳು ಇನ್ನೊಂದು ದಿನ, ಆರಿದ ಸೌದೆ ಒಲೆಯ ಪಕ್ಕ ಸುಮ್ಮನೆ ಕೂತು ಬೂದಿಯಿಲ್ಲದ ನೆಲವನ್ನು ಕೈಯಿಂದ ಸವರುತ್ತಿದ್ದಿರಿ. ಎರಡನ್ನೂ ನೋಡಿದೆ, ಎರಡು ಸಲವೂ ಏನೂ ಕೇಳದೆ ಹೊರಗೆ ಹೋದೆ. ಅಣ್ಣ ತನ್ನ ಮಾತು ಹೇಳಿದ, ನಾನು ನನ್ನದು ಹೇಳಿದೆ, ಸೋಮವಾರ ಹಿರಿಯರು ತಮ್ಮದು ಹೇಳುತ್ತಾರೆ. ಅವರಾರಿಗೂ ನಾನು ಬಗ್ಗುವುದಿಲ್ಲ. ನೀವು ಬಂದು ಈ ಗ್ಯಾಸು ಬೇಡ ಎಂದರೆ ಏನು ಮಾಡುತ್ತೇನೋ, ಅದು ಮಾತ್ರ ಗೊತ್ತಿಲ್ಲ.

ನಿಮ್ಮ ಮಂಡಿನೋವು ಕಡಿಮೆಯಾಗಲಿ. ತವರಿನಲ್ಲಿ ಇನ್ನೂ ನಾಲ್ಕು ದಿನ ಯಾರೋ ಬೇಯಿಸಿದ್ದನ್ನು ಉಂಡು ನೆಮ್ಮದಿಯಾಗಿರಿ. ಈ ಮನೆಗೆ ನೀವು ಬಂದು ಇಷ್ಟು ವರ್ಷವಾದ ಮೇಲೆ ಮೊದಲ ಸಲ ಕೇಳುತ್ತಿದ್ದೇನೆ, ಅಣ್ಣನಿಗಾಗಿ ಅಲ್ಲದೆ, ನನಗಾಗಿಯೂ ಅಲ್ಲದೆ ಹೇಳಿ: ಯಾವ ಒಲೆಯ ಮುಂದೆ ಕೂರುವುದು ನಿಮಗಿಷ್ಟ, ಅತ್ತಿಗೆ?

ನಿಮ್ಮ ಕೈಯ ಅನ್ನ ಉಂಡ
ಕರಿಬಸವಯ್ಯ