ಉಸುಕಿನಲ್ಲಿ ಕೂತ ‘ಕೆಟ್ಟ ಹೆಂಗಸರ’ ಕುರಿತು ತಹಸೀಲ್ದಾರ ಸಾಹೇಬರಿಗೆ

ಮಾನ್ಯ ತಹಸೀಲ್ದಾರ ಸಾಹೇಬರೇ,

ಹೊತ್ತು ಇಳಿದ ಮೇಲೆ ನಮ್ಮೂರಿನ ಯಾರೊಬ್ಬರೂ ಕಾಗಿಣಾ ಹೊಳೆಯ ಉಸುಕಿನಲ್ಲಿ ಕೂಡಬಾರದು, ಮಲಗಬಾರದು, ಒರತೆ ತೋಡಬಾರದು ಎಂಬ ತಮ್ಮ ಹುಕುಮನ್ನು ಕಳೆದ ಸೋಮವಾರ ಡಂಗುರ ಹೊಡೆದು ಸಾರಿದರು. ಅದೂ ಈ ವೈಶಾಖದಲ್ಲಿ! ನಮ್ಮ ಗೋಡೆ ಶಹಾಬಾದ ಕಲ್ಲು, ಮಾಳಿಗೆ ಶಹಾಬಾದ ಕಲ್ಲು, ನೆಲವೂ ಅದೇ ಕಲ್ಲು. ಸಂಜೆಗೆ ಮನೆಯೆಂಬುದು ಕಾದ ಹಂಚು. ತಾವು ಒಂದು ದಿನ ಬಂದು ಒಳಗೆ ಒಂದು ತಾಸು ಕುಳಿತು ನೋಡಬಾರದೇ? ಪಂಖಾ ಎಳೆಯುವವನನ್ನು ಮಾತ್ರ ಕಚೇರಿಯಲ್ಲೇ ಬಿಟ್ಟು ಬನ್ನಿರಿ.

ಆ ಉಸುಕಿನಲ್ಲಿ ನಡೆಯುತ್ತಿದ್ದ ಅಪರಾಧಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಹೆಂಗಸರು ರೊಟ್ಟಿ, ಹಿಂಡಿ, ಉಳ್ಳಾಗಡ್ಡಿಯ ಗಂಟು ಬಿಚ್ಚುತ್ತಿದ್ದರು. ಮೊಣಕೈ ಮುಳುಗುವಷ್ಟು ತೋಡಿದರೆ ನೀರು ಜಿನುಗುತ್ತಿತ್ತು. ಅದು ತಿಳಿಯಾಗುವ ತನಕ ಹಸಿ ಉಸುಕಿನಲ್ಲಿ ಕಾಲು ಹೂತುಕೊಂಡು ಹರಟೆ ಹೊಡೆಯುತ್ತಿದ್ದರು. ಅಂಬಿಗರ ಭೀಮಶಾ ಬತ್ತಿದ ಹೊಳೆಯಲ್ಲೇ ಮಾಡಿದ ಖರಬೂಜಿನ ಪಾತಿಗಳಿಂದ ಬಿರಿದ ಹಣ್ಣು ತಂದು ಎಲ್ಲರಿಗೂ ಹಂಚುತ್ತಿದ್ದ. ನಾನು ರುಮಾಲು ಬಿಚ್ಚಿಟ್ಟು ಅಂಗಾತ ಮಲಗಿ, ಎಷ್ಟು ದೂರ ಬೀಜ ಉಗುಳಬಲ್ಲೆನೆಂದು ಪರೀಕ್ಷೆ ಮಾಡುತ್ತಿದ್ದೆ. “ನಿಮಗ ವಯಸ್ಸಾತು ಅಂತ ಯಾರರೆ ಹೇಳ್ರಿ” ಎಂದು ನನ್ನ ಹೆಂಡತಿ ಲಲಿತಾಬಾಯಿ ನಗುತ್ತಿದ್ದಳು. ಇಂಥವರನ್ನೇ ತಮ್ಮ ಹುಕುಮು “ಜೂಜುಕೋರರು, ಕಳ್ಳರು ಮತ್ತು ಕೆಟ್ಟ ನಡತೆಯ ಹೆಂಗಸರು” ಎಂದು ಕರೆದಿದೆ. ಡಂಗುರದವನು ಅದನ್ನು ಓಣಿ ಓಣಿಯಲ್ಲಿ ಕೂಗಿದ.

ಆ ಮಾತು ತಮ್ಮದಲ್ಲ, ಸಾಹೇಬರೇ. ನನ್ನದು.

ನಾನು ಕಚೇರಿಯ ಬೇವಿನ ಕೆಳಗೆ ಕುಳಿತು ಅರ್ಜಿ ಬರೆಯುವವನು. ನಿಜಾಮರ ಕಾಲದಿಂದ ಇಪ್ಪತ್ತೆರಡು ವರ್ಷ ಉರ್ದುವಿನಲ್ಲಿ ಬರೆದಿದ್ದೇನೆ. ನಮ್ಮ ಕಸುಬಿನ ಪದ್ಧತಿ ಹೀಗಿತ್ತು: ಎಮ್ಮೆ ಬೆಳೆ ಮೇಯ್ದರೆ ಊರೇ ಹಾಳಾಯಿತೆಂದು ಬರೆಯಬೇಕು, ಪಕ್ಕದವನು ಬೈದರೆ ಜೀವಕ್ಕೆ ಅಪಾಯವೆನ್ನಬೇಕು. ಹಿಂದಿನ ಸಾಹೇಬರೂ ಇದನ್ನು ಬಲ್ಲವರು. ಹತ್ತರಲ್ಲಿ ಒಂಬತ್ತನ್ನು ಕಳೆದೇ ಓದುತ್ತಿದ್ದರು. ಈ ಸಲ ಊರವರು ಕೇಳಿದ್ದು ಇಷ್ಟೇ. ವಾಡಿ ಸ್ಟೇಷನ್ನಿಗೆ ಫರಸಿ ಕಲ್ಲು ಹೊರುವ ಬಂಡಿಗಳು ಸಂಜೆ ನಾವು ಕೂಡುವ ಉಸುಕಿನ ಮೇಲೆಯೇ ಹಾಯುತ್ತವೆ, ಖರಬೂಜಿನ ಬಳ್ಳಿ ತುಳಿಯುತ್ತವೆ, ಕೆಳಗಿನ ದಾರಿಯಿಂದ ಹೋಗಲಿ. ಇಷ್ಟನ್ನೇ ಬರೆದರೆ ಯಾವ ಸಾಹೇಬರು ಕದಲುತ್ತಾರೆ? ಬಂಡಿಯವರ ಸಂಗಡ ಕಳ್ಳರನ್ನು ಸೇರಿಸಿದೆ, ಜೂಜು ಸೇರಿಸಿದೆ. ಲೇಖನಿ ಚೆನ್ನಾಗಿ ಓಡುತ್ತಿತ್ತು, ಹೆಂಗಸರನ್ನೂ ಸೇರಿಸಿಬಿಟ್ಟೆ. ಕೆಳಗೆ ಹನ್ನೊಂದು ಹೆಬ್ಬೆಟ್ಟು ಒತ್ತಿಸಿದೆ. ಓದಿ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಹೊಸ ಸರ್ಕಾರದ ಪ್ರಾಮಾಣಿಕ ಅಧಿಕಾರಿಯಾದ ತಾವು ಅಕ್ಷರ ಅಕ್ಷರವನ್ನೂ ನಂಬಿದಿರಿ! ನಂಬಿ, ಮನುಷ್ಯರನ್ನು ಉಸುಕಿನಿಂದ ಎಬ್ಬಿಸಿದಿರಿ. ಬಂಡಿಗಳ ಬಗ್ಗೆ ಹುಕುಮಿನಲ್ಲಿ ಚಕಾರವಿಲ್ಲ. ಅಡ್ಡ ಬರುವವರಿಲ್ಲದೆ ಅವು ಈಗ ಇನ್ನೂ ಆರಾಮಾಗಿ ಹಾಯುತ್ತಿವೆ. ಚಿತ್ತಾಪುರದ ಕಚೇರಿಯಿಂದ ಹೊಳೆ ದಂಡೆಗೆ ಒಂದು ಸಲ ಕುದುರೆ ಏರಿ ಬಂದಿದ್ದರೆ ನನ್ನ ಸುಳ್ಳು ತಮಗೆ ಕಾಣುತ್ತಿರಲಿಲ್ಲವೇ? ಆದರೂ ತಮ್ಮನ್ನು ದೂರಿದಷ್ಟೂ ನನ್ನ ಮುಖವೇ ಸಣ್ಣದಾಗುತ್ತದೆ.

ಏಕೆಂದರೆ ಆ ಹನ್ನೊಂದರಲ್ಲಿ ಮೊದಲ ಹೆಬ್ಬೆಟ್ಟು ಭೀಮಶಾನ ತಾಯಿ ಹಣಮಮ್ಮನದು. ಅರವತ್ತು ದಾಟಿದ ಮುದುಕಿ. ಡಂಗುರದ ಸಂಜೆಯೇ ಜವಾನ ಆಕೆಯ ಕೌದಿಯನ್ನು ಉಸುಕಿನಿಂದ ಎತ್ತಿ ದಂಡೆಗೆ ಎಸೆದ. ಮರುದಿನ ಆಕೆ ನನ್ನ ಮನೆಗೆ ಬಂದಳು.

“ಮುನಶಿ, ಕೆಟ್ಟ ಹೆಂಗಸರಂತಲ್ಲ, ಯಾರಪ್ಪ ಅವ್ರು? ಬುದ್ಧಿ ಬಂದಾಗಿಂದ ಆ ಉಸುಕಿನ್ಯಾಗ ಕುಂತೀನಿ, ಒಬ್ಬಾಕೀನೂ ಕಂಡಿಲ್ಲ.”

ಅಲ್ಲಿಯೇ ಕಾಲು ಹಿಡಿಯಬೇಕಿತ್ತು. ನಾನು ಏನೆಂದೆ ಗೊತ್ತೇ? “ಸರ್ಕಾರದವ್ರು ಮನಸಿಗಿ ಬಂದಂಗ ಬರ್ಕೊಂಡಾರವ್ವ” ಎಂದೆ.

“ಅವ್ರ ಬಾಯಾಗ ಮಣ್ಣ ಬೀಳ್ಲಿ! ನೀ ಚೊಲೋದೇ ಬರ್ದಿರ್ತಿ, ನನಗ ಗೊತ್ತದ” ಎಂದು ನನ್ನ ತಲೆ ಸವರಿ ಹೋದಳು. ಸಾಹೇಬರೇ, ಆ ಶಾಪ ತಮಗೆ ತಲುಪಿದ್ದರೆ ದಯಮಾಡಿ ನನಗೆ ಕಳಿಸಿರಿ. ಅಂದಿನಿಂದ ಆಕೆ ಅಂಗಳದ ಕಟ್ಟೆಗೂ ಬರುತ್ತಿಲ್ಲ. ಆ ಕಲ್ಲಿನ ಕೋಣೆಯಲ್ಲೇ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಾಳೆ. ಬಾ ಎಂದರೆ, “ಹೋಗೋರು ಬರೋರು ನೋಡ್ತಾರ” ಎನ್ನುತ್ತಾಳೆ. ನಾಚಿಕೆ ಪಡಬೇಕಾದವನು ಬೇವಿನ ನೆರಳಲ್ಲಿ ಕುಳಿತಿದ್ದೇನೆ.

ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ; ಅಚ್ಚಾದರೂ ಹಣಮಮ್ಮ ಓದಲಾರಳು. ಅದು ಗೊತ್ತಿದ್ದೇ ಪತ್ರಿಕೆಗೆ ಬರೆಯುವ ಧೈರ್ಯ ಬಂದಿದೆ, ಇದನ್ನೂ ಒಪ್ಪಿಕೊಳ್ಳುತ್ತೇನೆ. ಆದ್ದರಿಂದ ಹುಕುಮನ್ನು ರದ್ದು ಮಾಡಿರಿ, ಬಂಡಿಗಳನ್ನು ಕೆಳಗಿನ ದಾರಿಗೆ ತಿರುಗಿಸಿರಿ ಎಂದು ಬೇಡಿದರೆ ಸಾಲದು. ಅದೇ ಡಂಗುರದವನನ್ನು ಮತ್ತೆ ಕಳಿಸಿರಿ. ಅರ್ಜಿಯಲ್ಲಿದ್ದದ್ದು ಸುಳ್ಳು, ಬರೆದವನು ಇಂಥವನು, ಉಸುಕಿನಲ್ಲಿ ಕೂತವರು ಮರ್ಯಾದಸ್ಥರು ಎಂದು ನನ್ನ ಹೆಸರು ಹಿಡಿದು, ಕನ್ನಡದಲ್ಲಿ, ಮೊದಲು ಹಣಮಮ್ಮನ ಬಾಗಿಲ ಮುಂದೆ ಕೂಗಲಿ. ಆಕೆ ಹೊರಗೆ ಬರುವ ತನಕ ಕೂಗಲಿ. ನಾನು ಅಲ್ಲಿಯೇ ರುಮಾಲು ತೆಗೆದು ನಿಂತಿರುತ್ತೇನೆ.

ಇಂತಿ,
ಆ ಅರ್ಜಿಗೆ ಸಹಿ ಮಾಡಲು ಬರುತ್ತಿದ್ದವನು ತಾನೊಬ್ಬನೇ ಆಗಿದ್ದೂ ಮಾಡದೆ ಉಳಿದವನು,
ಅಮೃತಪ್ಪ ಮುನಶಿ
ಮೇ ೧೯೫೨