ಮೊಣಕಾಲಿನ ಕಲೆ

ಜನವರಿ 9
ಈಜುಕೊಳದಲ್ಲಿ ಬೆಳಗಿನ ಬ್ಯಾಚ್. ವಿಸಿಲ್ ಊದಿದರೆ ಸದ್ದೇ ಇಲ್ಲ — ತುಟಿಯ ಬಲ ಸಂದಿನಿಂದ ಗಾಳಿ ಸೋರಿಹೋಯಿತು. ಕಲಿಯಲು ಬಂದವರು ನಕ್ಕರು. ನಾನೂ ನಕ್ಕೆ, ಅರ್ಧ ಬಾಯಲ್ಲಿ. ಮುಖದ ನರ ಊದಿದೆಯಂತೆ. ಡಾಕ್ಟರು ಮಾತ್ರೆ ಕೊಟ್ಟರು.

ಫೆಬ್ರವರಿ 20
ಬಲಗಡೆ ಸರಿಹೋಯಿತು ಎನ್ನುವಷ್ಟರಲ್ಲಿ ಎಡಗಡೆ ಜೋತುಬಿತ್ತು. ಸಾಲದ್ದಕ್ಕೆ ಎಲ್ಲವೂ ಎರಡೆರಡು ಕಾಣುತ್ತಿದೆ. ನೀರಲ್ಲಿ ಯಾವ ತಲೆ ನಿಜ, ಯಾವುದು ಸುಳ್ಳು? ರಜೆ ಹಾಕಿದೆ. ಹೆಂಡತಿಯ ಮುಂದೆ ಧೈರ್ಯ ನಟಿಸಿದೆ. ನನ್ನ ಮುಂದೆ ಅವಳೂ.

ಮಾರ್ಚ್ 6
ಸ್ಕ್ಯಾನ್‌ನಲ್ಲಿ ಮೆದುಳಿನ ಪೊರೆ ಅಲ್ಲಲ್ಲಿ ದಪ್ಪಗಿದೆ. ಒಬ್ಬರು ಟಿಬಿ ಎನ್ನುತ್ತಾರೆ, ಇನ್ನೊಬ್ಬರು ಗಡ್ಡೆ. ತಲೆ ತೆರೆದು ಪರೀಕ್ಷೆಗೆ ಒಂದು ಚೂರು ತೆಗೆಯಬೇಕಾದೀತಂತೆ...

ಮಾರ್ಚ್ 11
ಇವತ್ತು ನರರೋಗದ ಡಾಕ್ಟರು, ಒಬ್ಬ ಮೇಡಂ. ಆಳು ಕುಳ್ಳು, ದನಿ ಕೋಣೆ ತುಂಬ. ಸ್ಕ್ಯಾನ್ ನೋಡಿ ಪಕ್ಕಕ್ಕಿಟ್ಟರು.
"ಪ್ಯಾಂಟು ಮೇಲಕ್ಕೆ ಮಡಚಿ."
"ಮೇಡಂ, ತೊಂದರೆ ಇರೋದು ಮುಖದಲ್ಲಿ."
"ಮುಖ ನಿಂತಿರೋದು ಕಾಲಿನ ಮೇಲೇ ಅಲ್ವೇನ್ರೀ?"
ಪಕ್ಕದಲ್ಲಿದ್ದ ಹೆಂಡತಿ ನಕ್ಕುಬಿಟ್ಟಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ!
ಮೊಣಕಾಲಲ್ಲಿ ಚಿಕ್ಕಂದಿನ ಗಾಯದ ಕಲೆ. ಈಚೆಗೆ ಕೆಂಪಗೆ ಉಬ್ಬಿತ್ತು. ಕೊಳಕ್ಕೆ ಹಾಕುವ ಔಷಧಿಯಿಂದ ಇರಬೇಕೆಂದು ಸುಮ್ಮನಿದ್ದೆ. ಮೇಡಂ ಸವರಿ ಸವರಿ ನೋಡಿದರು.
"ಹಳೇ ಕಲೆ ಸುಮ್‌ಸುಮ್ನೆ ಎದ್ದೇಳಲ್ಲ. ಸದ್ಯಕ್ಕೆ ತಲೆ ತಂಟೆ ಬೇಡ. ಚೂರು ಇಲ್ಲಿಂದ ತೆಗೆಯೋಣ. ಎದೆ ಸ್ಕ್ಯಾನೂ ಆಗ್ಲಿ."
"ಏನಿರಬಹುದು?"
"ಅನುಮಾನ ಇದೆ. ಗೊತ್ತಾಗೋ ತನಕ ಹೆಸರಿಡಲ್ಲ."
ಆ ಮಾತಿಗೇ ಕೈಮುಗಿಯಬೇಕೆನಿಸಿತು. ಇಷ್ಟು ದಿನ ಎಲ್ಲರೂ ನನ್ನ ಮುಖ ನೋಡಿದರು. ಇವರು ನನ್ನನ್ನು ನೋಡಿದರು.

ಮಾರ್ಚ್ 19
ಕಲೆಯಿಂದ ತೆಗೆದ ಚೂರಿನ ವರದಿ ಬಂತು: ಸಾರ್ಕಾಯಿಡೋಸಿಸ್. ನನ್ನ ಸೊಟ್ಟ ಬಾಯಿಗೆ ಸಿಗದ ಹೆಸರು. ಮೈ ಕಾಯುವ ಕಣಗಳೇ ಅಲ್ಲಲ್ಲಿ ಗುಂಪುಗಟ್ಟಿ ಕೂರುತ್ತವಂತೆ — ಕಲೆಯಲ್ಲಿ, ಶ್ವಾಸಕೋಶದ ಪಕ್ಕದಲ್ಲಿ, ನರಗಳಲ್ಲೂ. ಆದರೂ ಮೇಡಂ ಇದಕ್ಕೆ ಕೊಡುವ ಸ್ಟಿರಾಯ್ಡ್ ಮಾತ್ರೆ ಶುರುಮಾಡಲಿಲ್ಲ. ಟಿಬಿ ಇದ್ದರೆ ಅದು ಬೆಂಕಿಗೆ ತುಪ್ಪ. ಟಿಬಿ ಪರೀಕ್ಷೆಗೆಂದು ಬೆನ್ನಿನಿಂದ ತೆಗೆದ ನೀರಿನ ವರದಿಗಾಗಿ ಲ್ಯಾಬಿನವರ ಬೆನ್ನು ಹತ್ತಿದ್ದಾರೆ.

ಮಾರ್ಚ್ 23
ಟಿಬಿಯ ಸುಳಿವಿಲ್ಲ! ಸ್ವತಃ ಮೇಡಮ್ಮೇ ಫೋನ್ ಮಾಡಿದರು.
"ಪೂರ್ತಿ ವಾಸಿ ಮಾಡ್ತೀನಿ ಅನ್ನಲ್ಲ. ಹತೋಟಿಗೆ ತರೋಣ. ನನ್ನ ಕಾಟ ವರ್ಷಗಟ್ಲೆ ತಪ್ಪಲ್ಲ ನಿಮಗೆ."
"ಇರಲಿ ಮೇಡಂ," ಎಂದೆ.

ಏಪ್ರಿಲ್ 14, ಬೆಳಿಗ್ಗೆ
ಸ್ಟಿರಾಯ್ಡ್ ಮಾತ್ರೆಯಿಂದ ಹಸಿವೋ ಹಸಿವು. ಕೆನ್ನೆ ಊದಿದೆ. "ಮದುವೇಲೂ ನಿಮ್ಮ ಮುಖ ಇಷ್ಟು ತುಂಬಿರಲಿಲ್ಲ," ಎನ್ನುತ್ತಾಳೆ ಇವಳು.
ಈಗಷ್ಟೇ ಕಿಟಕಿಯಾಚೆ ನೋಡಿದೆ. ದೀಪದ ಕಂಬ ಒಂದೇ. ಕಣ್ಣುಜ್ಜಿಕೊಂಡೆ. ಒಂದೇ ಕಂಬ, ಮೇಲೆ ಒಂದೇ ಕಾಗೆ. ಕೂಗಿಕೊಂಡೆ. ಇವಳು ಒದ್ದೆ ಕೈಯಲ್ಲೇ ಓಡಿಬಂದಳು. ಬಾಗಿಲಲ್ಲಿ ನಿಂತವಳು ಒಬ್ಬಳೇ —
ಅಳುತ್ತಲೇ ಫೋನು ಹುಡುಕುತ್ತಿದ್ದಾಳೆ. ಮೇಡಂಗೆ ಈಗಲೇ ಹೇಳಬೇಕಂತೆ, ಮಾತಾಡಬೇಕಾದವನು ನಾನೇ ಅಂತೆ, ಪೆನ್ನು ಕೆಳಗಿಡಿ ಅಂ